ಮಾತು, ಪ್ರಾರ್ಥನೆ, ವಿಧೇಯತೆ: ನಂಬಿಕೆಯನ್ನು ದಿನದಿನವೂ ಬದುಕುವ ಕ್ರಮ

ಆರಾಧನೆಯಲ್ಲಿ ದೇವರನ್ನು ಕೊಂಡಾಡಿದ ಬಾಯಿಯೇ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಮನೆಯವರನ್ನು ಹೀಯಾಳಿಸುವುದುಂಟು. ಯಾಕೋಬನು ತನ್ನ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಬೆರಳಿಟ್ಟು ತೋರಿಸುವುದು ಇದನ್ನೇ. ತಂದೆಯಾದ ದೇವರನ್ನು ಸ್ತುತಿಸುವ ನಾಲಿಗೆಯಿಂದಲೇ ಆತನ ಹೋಲಿಕೆಯಲ್ಲಿ ಉಂಟಾದ ಮನುಷ್ಯರನ್ನು ಶಪಿಸುತ್ತೇವೆ, ಹೀಗಿರಬಾರದು ಎಂದು ಅವನು ಬರೆಯುತ್ತಾನೆ. ಬರೆಯುತ್ತಿರುವುದು ನಂಬದವರಿಗಲ್ಲ, ಸಹೋದರರಿಗೆ.

ನಮ್ಮಲ್ಲಿ ಹಲವರು ಪ್ರಾರ್ಥನೆಯನ್ನು ಬೆಳಗಿನ ಒಂದು ಕರ್ತವ್ಯವೆಂದೂ, ಮಾತನ್ನು ಹುಟ್ಟಿನಿಂದ ಬಂದ ಸ್ವಭಾವವೆಂದೂ, ವಿಧೇಯತೆಯನ್ನು ಬದುಕಿನ ದೊಡ್ಡ ತೀರ್ಮಾನಗಳಿಗೆ ಮಾತ್ರ ಸಂಬಂಧಿಸಿದ್ದೆಂದೂ ಎಣಿಸಿ ಮೂರನ್ನೂ ಬೇರೆ ಬೇರೆ ಇಟ್ಟಿರುತ್ತೇವೆ. ಆದರೆ ಇವು ಒಂದನ್ನೊಂದು ಬಿಟ್ಟು ಬೆಳೆಯುವುದಿಲ್ಲ. ಹೃದಯದಲ್ಲಿ ಏನಿದೆ ಎಂಬುದನ್ನು ಮಾತು ಹೊರಗೆ ತರುತ್ತದೆ. ಹೊರಗೆ ಬಂದದ್ದನ್ನು ದೇವರ ಮುಂದೆ ಇಡುವುದು ಪ್ರಾರ್ಥನೆ. ಆ ಪ್ರಾರ್ಥನೆಯಿಂದ ಎದ್ದವನು ಇಂದೇ ಮಾಡಬೇಕಾದ ಒಂದು ಕೆಲಸದೊಡನೆ ಏಳುತ್ತಾನೆ, ಮತ್ತು ಬಹಳ ಸಲ ಆ ಕೆಲಸವೇ ಯಾರಿಗೋ ಹೇಳಬೇಕಾದ ಒಂದು ಮಾತಾಗಿರುತ್ತದೆ. ಈ ಮಾರ್ಗದರ್ಶಿಯ ಹಂತಗಳು ಇದೇ ಕ್ರಮದಲ್ಲಿವೆ. ಎಲ್ಲವನ್ನೂ ಒಂದೇ ವಾರದಲ್ಲಿ ಹಿಡಿಯಬೇಕಾಗಿಲ್ಲ. ಒಂದು ಹಂತ ಕೈಗೆ ಹತ್ತಿದ ಮೇಲೆ ಮುಂದಿನದಕ್ಕೆ ಹೋಗುವುದು ಲೇಸು.

ಮೊದಲು ತಿಳಿದಿರಬೇಕಾದದ್ದು

ಇದರಲ್ಲಿ ಯಾವುದೂ ರಕ್ಷಣೆಯನ್ನು ಗಳಿಸುವ ದಾರಿಯಲ್ಲ. ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದ 8ರಿಂದ 10ರವರೆಗಿನ ವಚನಗಳು ಈ ಅನುಕ್ರಮವನ್ನು ಸ್ಪಷ್ಟವಾಗಿ ಇಡುತ್ತವೆ: ನಂಬಿಕೆಯ ಮೂಲಕ ಕೃಪೆಯಿಂದಲೇ ರಕ್ಷಣೆ, ಅದು ನಮ್ಮ ಕ್ರಿಯೆಗಳಿಂದಾದದ್ದಲ್ಲ, ಆ ಮೇಲೆ, ದೇವರು ಮೊದಲೇ ಸಿದ್ಧಮಾಡಿದ ಸತ್ಕ್ರಿಯೆಗಳಲ್ಲಿ ನಾವು ನಡೆಯುವುದು. ಈ ಅನುಕ್ರಮವನ್ನು ತಲೆಕೆಳಗು ಮಾಡಿಕೊಂಡವರು ಎರಡರಲ್ಲಿ ಒಂದು ಕಡೆಗೆ ಬೀಳುತ್ತಾರೆ. ನಡೆ ಚೆನ್ನಾಗಿದ್ದ ದಿನ ಇತರರನ್ನು ಕೀಳಾಗಿ ನೋಡುತ್ತಾರೆ. ಎಡವಿದ ದಿನ ದೇವರ ಮುಂದೆ ಬರಲು ಅಂಜಿ ಪ್ರಾರ್ಥನೆಯನ್ನೇ ಬಿಡುತ್ತಾರೆ. ಮಗನು ತಂದೆಯ ಮಾತು ಕೇಳುವುದು ಮಗನಾಗುವುದಕ್ಕಲ್ಲ, ಮಗನಾಗಿರುವುದರಿಂದ. ಇದು ಮನಸ್ಸಿನಲ್ಲಿ ನಿಂತರೆ ಮುಂದಿನ ಹಂತಗಳು ಹೊರೆಯಾಗುವುದಿಲ್ಲ.

ಹಂತ 1: ನಿಮ್ಮ ಮಾತನ್ನು ನೀವೇ ಕೇಳಿಸಿಕೊಳ್ಳಿ

ಹೃದಯದಲ್ಲಿ ತುಂಬಿರುವುದೇ ಬಾಯಲ್ಲಿ ಹೊರಡುತ್ತದೆ ಎಂದು ಯೇಸು ಹೇಳಿದ್ದು ಮತ್ತಾಯ 12:34ರಲ್ಲಿದೆ; ಅದರ ಬೆನ್ನಿಗೇ, ಆಡುವ ಪ್ರತಿಯೊಂದು ವ್ಯರ್ಥವಾದ ಮಾತಿಗೂ ಲೆಕ್ಕ ಕೊಡಬೇಕಾಗುತ್ತದೆ ಎಂಬ ಎಚ್ಚರಿಕೆಯೂ ಇದೆ. ಹಾಗಾದರೆ ಹೃದಯವನ್ನು ಅರಿಯಲು ಹತ್ತಿರದ ದಾರಿ ಮಾತನ್ನು ಗಮನಿಸುವುದು. ಒಂದು ವಾರ ಏನನ್ನೂ ತಿದ್ದಲು ಹೋಗದೆ, ದಿನದ ಕೊನೆಗೆ ಮೂರು ಸಂಗತಿಗಳನ್ನು ಮಾತ್ರ ಒಂದು ಪುಸ್ತಕದಲ್ಲಿ ಬರೆದಿಡಿ: ಆಡಬಾರದಿತ್ತು ಎನಿಸಿದ ಮಾತು, ಅದನ್ನು ಆಡಿದ ಸಂದರ್ಭ, ಆಗ ಮನಸ್ಸಿನಲ್ಲಿದ್ದ ಭಯ ಅಥವಾ ಆಸೆ.

ಮೂರನೆಯದನ್ನು ಬಿಡಬೇಡಿ. 'ಸಿಟ್ಟಿನಲ್ಲಿ ಬೈದೆ' ಎಂದು ಬರೆದರೆ ಅಲ್ಲಿಗೇ ನಿಂತಂತಾಯಿತು. 'ನನ್ನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ ಎನಿಸಿತು, ಆದ್ದರಿಂದ ಬೈದೆ' ಎಂದು ಬರೆದರೆ ದೇವರ ಮುಂದೆ ತೆಗೆದುಕೊಂಡು ಹೋಗಲು ನಿಜವಾದ ವಿಷಯವೊಂದು ಸಿಕ್ಕಿತು. ವಾರದ ಕೊನೆಗೆ ಆ ಪುಟಗಳನ್ನು ಓದಿದಾಗ ಹೆಚ್ಚಿನವರಿಗೆ ಒಂದೆರಡು ಸಂದರ್ಭಗಳೇ ಮತ್ತೆ ಮತ್ತೆ ಕಾಣುತ್ತವೆ: ದಣಿದು ಬಂದ ಸಂಜೆ, ಇನ್ನೊಬ್ಬರಿಗೆ ಹೊಗಳಿಕೆ ಸಿಕ್ಕ ಗಳಿಗೆ, ಒಬ್ಬರು ಎದ್ದು ಹೋದ ಮೇಲೆ ಉಳಿದವರ ನಡುವೆ ಹೊರಳುವ ಮಾತು. ಮೊಬೈಲಿನಲ್ಲಿ ಬರೆದು ಕಳುಹಿಸಿದ್ದನ್ನೂ ಮಾತೆಂದೇ ಎಣಿಸಿ. ಮುಖ ನೋಡಿ ಹೇಳಲು ಧೈರ್ಯವಿಲ್ಲದ್ದನ್ನು ನಾವು ಬೆರಳಿನಿಂದ ಹೇಳಿಬಿಡುತ್ತೇವೆ.

ಹಂತ 2: ಹೌದು ಎಂದರೆ ಹೌದಾಗಿರಲಿ

ಆಣೆಯಿಡುವುದನ್ನೇ ಯೇಸು ಬೇಡವೆಂದದ್ದು, ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂದದ್ದು ಮತ್ತಾಯ 5ನೇ ಅಧ್ಯಾಯದಲ್ಲಿದೆ. ದೊಡ್ಡ ಸುಳ್ಳುಗಳ ವಿಚಾರ ಇಲ್ಲಿ ಹೇಳಬೇಕಾಗಿಲ್ಲ. ಅವು ಸುಳ್ಳೆಂದು ಎಲ್ಲರಿಗೂ ಗೊತ್ತು. ವಿಶ್ವಾಸಿಗಳ ನಡುವೆ ಹೆಚ್ಚು ಕಾಣುವುದು ಭಕ್ತಿಯ ವೇಷ ತೊಟ್ಟ ಸುಳ್ಳು, ಮತ್ತು ಅದರ ಬಗ್ಗೆ ನಾವು ಮಾತಾಡುವುದು ತೀರ ಕಡಿಮೆ.

'ನಿಮಗಾಗಿ ಪ್ರಾರ್ಥಿಸುತ್ತೇನೆ' ಎಂಬ ಮಾತನ್ನೇ ನೋಡಿ. ನೊಂದವರು ತಮ್ಮ ಕಷ್ಟ ಹೇಳಿಕೊಂಡಾಗ ಮಾತು ಮುಗಿಸಲು ಇದಕ್ಕಿಂತ ಸುಲಭವಾದ ವಾಕ್ಯ ಮತ್ತೊಂದಿಲ್ಲ. ಹೇಳಿದ ಮೇಲೆ ಮರೆತರೆ, ದೇವರ ಹೆಸರಿನಲ್ಲಿ ಕೊಟ್ಟ ಮಾತೊಂದನ್ನು ಮುರಿದಂತಾಗುತ್ತದೆ. ಇದಕ್ಕೆ ಪರಿಹಾರ ಸರಳವಾಗಿದೆ: ಸಾಧ್ಯವಾದರೆ ಅಲ್ಲೇ, ಆ ಕ್ಷಣವೇ, ಅವರ ಅನುಮತಿ ಕೇಳಿ ಎರಡು ಮೂರು ವಾಕ್ಯಗಳಲ್ಲಿ ಪ್ರಾರ್ಥಿಸಿ. ಆಗದಿದ್ದರೆ ಅವರ ಹೆಸರನ್ನು ಬರೆದುಕೊಳ್ಳಿ, ಕೆಲವು ದಿನಗಳ ನಂತರ ಹೇಗಿದ್ದೀರಿ ಎಂದು ಕೇಳಿ. ಎರಡೂ ಆಗದಿದ್ದರೆ ಆ ವಾಕ್ಯವನ್ನು ಹೇಳಬೇಡಿ. 'ನಿಮ್ಮ ಮಾತು ಕೇಳಿ ಮನಸ್ಸಿಗೆ ನೋವಾಯಿತು' ಎಂಬುದಷ್ಟೇ ನಿಜವಾಗಿದ್ದರೆ ಅಷ್ಟೇ ಸಾಕು.

ಇನ್ನೊಂದು, 'ದೇವರು ನನಗೆ ಹೇಳಿದನು' ಎಂಬುದು. ಸ್ವಂತ ಇಷ್ಟಕ್ಕೆ ಈ ಮಾತನ್ನು ಮುಂದಿಟ್ಟರೆ ಕೇಳುವವರ ಬಾಯಿ ಕಟ್ಟಿಹೋಗುತ್ತದೆ, ಪ್ರಶ್ನಿಸಿದವರು ದೇವರನ್ನೇ ಪ್ರಶ್ನಿಸಿದಂತೆ ಕಾಣುತ್ತಾರೆ. ನಿನ್ನ ದೇವರಾದ ಯೆಹೋವನ ಹೆಸರನ್ನು ಅಯೋಗ್ಯವಾಗಿ ಎತ್ತಬಾರದು ಎಂಬ ಆಜ್ಞೆ ಇಂಥ ಬಳಕೆಯನ್ನೂ ತಡೆಯುತ್ತದೆ ಎಂದೇ ನನ್ನ ತಿಳಿವಳಿಕೆ. 'ನಾನು ಪ್ರಾರ್ಥಿಸಿದೆ, ನನಗೆ ಹೀಗೆ ಅನಿಸುತ್ತಿದೆ, ನೀವೂ ಯೋಚಿಸಿ ಹೇಳಿ' ಎನ್ನುವುದರಲ್ಲಿ ದೀನತೆಯೂ ಇದೆ, ಪ್ರಾಮಾಣಿಕತೆಯೂ ಇದೆ.

ಹಂತ 3: ಎದುರಿಗಿಲ್ಲದವರ ಬಗ್ಗೆ ಆಡುವ ಮಾತು

ಎಫೆಸ 4:29 ಮಾತಿಗೆ ಒಂದು ಒರೆಗಲ್ಲನ್ನು ಕೊಡುತ್ತದೆ: ಕೆಟ್ಟ ಮಾತು ಬೇಡ, ಆಡುವ ಮಾತು ಭಕ್ತಿಯನ್ನು ಕಟ್ಟುವಂಥದ್ದಾಗಿರಲಿ, ಸಮಯಕ್ಕೆ ತಕ್ಕದ್ದಾಗಿರಲಿ, ಕೇಳುವವರಿಗೆ ಹಿತವನ್ನು ಉಂಟುಮಾಡಲಿ. ಗಮನಿಸಿ, ಮಾತು ನಿಜವಾಗಿದ್ದರೆ ಸಾಕೆಂದು ಪೌಲನು ಹೇಳುವುದಿಲ್ಲ. ಚಾಡಿಯಲ್ಲಿ ಬಹುಪಾಲು ನಿಜವೇ ಇರುತ್ತದೆ; ಆದರೆ ಅದನ್ನು ಕೇಳಿಸಿಕೊಂಡವರಿಗೆ ಆ ನಿಜದಿಂದ ಮಾಡಬೇಕಾದದ್ದು ಏನೂ ಇರುವುದಿಲ್ಲ.

ಸಭೆಗಳಲ್ಲಿ ಇದು ಪ್ರಾರ್ಥನಾ ವಿಜ್ಞಾಪನೆಯ ರೂಪದಲ್ಲಿ ಒಳಗೆ ಬರುತ್ತದೆ. 'ಅವರ ಮನೆಯ ಪರಿಸ್ಥಿತಿಗಾಗಿ ಪ್ರಾರ್ಥಿಸೋಣ, ಏನಾಗಿದೆ ಗೊತ್ತೇ' ಎಂದು ಆರಂಭವಾದ ಮಾತು ಪ್ರಾರ್ಥನೆಗಿಂತ ಹತ್ತುಪಟ್ಟು ಉದ್ದವಾಗಿರುತ್ತದೆ. ಒಬ್ಬರ ಹೆಸರು ಹೇಳಿ ಪ್ರಾರ್ಥನೆ ಕೋರುವ ಮುನ್ನ ಅವರ ಒಪ್ಪಿಗೆ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಹೆಸರನ್ನೂ ವಿವರವನ್ನೂ ಬಿಟ್ಟು ಪ್ರಾರ್ಥಿಸಿ. ಯಾರ ವಿಷಯವೆಂದು ದೇವರಿಗೆ ಗೊತ್ತಿರುತ್ತದೆ. ಯಾರಾದರೂ ನಿಮ್ಮ ಬಳಿ ಇನ್ನೊಬ್ಬರ ದೂರು ತಂದರೆ, 'ಇದನ್ನು ಅವರಿಗೇ ಹೇಳಿದ್ದೀರಾ? ಬೇಕಾದರೆ ನಾನೂ ಜೊತೆಗೆ ಬರುತ್ತೇನೆ' ಎಂದು ಕೇಳಿ. ಮತ್ತಾಯ 18:15ರಲ್ಲಿ ಯೇಸು ತೋರಿಸಿದ ದಾರಿಯೂ ಅದೇ: ತಪ್ಪು ಮಾಡಿದ ಸಹೋದರನ ಬಳಿಗೆ ಮೊದಲು ಒಬ್ಬನೇ ಹೋಗುವುದು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗುವುದು, ಆಮೇಲೆ ಸಭೆಗೆ ತಿಳಿಸುವುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಹೊಡೆತ, ಲೈಂಗಿಕ ದೌರ್ಜನ್ಯ, ಮಕ್ಕಳ ಮೇಲಿನ ಹಿಂಸೆ, ಹಣದ ವಂಚನೆ ಇಂಥವುಗಳ ಬಗ್ಗೆ ಪೊಲೀಸರಿಗೋ ಹೊಣೆಯುಳ್ಳವರಿಗೋ ತಿಳಿಸುವುದು ಚಾಡಿಯಲ್ಲ. ಹಿಂಸೆಗೆ ಒಳಗಾದವರಿಗೆ 'ಮೊದಲು ಒಬ್ಬರೇ ಹೋಗಿ ಅವರೊಡನೆ ಮಾತಾಡಿ' ಎಂದು ಮತ್ತಾಯ 18ನ್ನು ತೋರಿಸಿ ಹೇಳುವುದು ದೇವರ ವಾಕ್ಯದ ದುರುಪಯೋಗ. ಬಾಯಿಲ್ಲದವರ ಪರವಾಗಿ ಬಾಯಿ ತೆರೆ ಎಂದು ಜ್ಞಾನೋಕ್ತಿ 31:8 ಆಜ್ಞಾಪಿಸುತ್ತದೆ. ಅಂಥ ಸಂದರ್ಭದಲ್ಲಿ ಮೌನವೇ ಅವಿಧೇಯತೆ.

ಹಂತ 4: ದಿನಕ್ಕೆ ಗೊತ್ತಾದ ಹೊತ್ತಿನಲ್ಲಿ ಪ್ರಾರ್ಥನೆ

ಮನಸ್ಸು ಬಂದಾಗ ಪ್ರಾರ್ಥಿಸುತ್ತೇನೆ ಎಂದುಕೊಂಡವರ ಪ್ರಾರ್ಥನೆ ದಿನ ಕಳೆದಂತೆ ಕಡಿಮೆಯಾಗುತ್ತದೆ. ದಾನಿಯೇಲನು ದಿನಕ್ಕೆ ಮೂರು ಸಾರಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದನು. ಪ್ರಾರ್ಥನೆಯನ್ನು ನಿಷೇಧಿಸುವ ರಾಜಾಜ್ಞೆ ಹೊರಟ ಮೇಲೂ ಅವನು ಎಂದಿನಂತೆಯೇ ಮಾಡಿದನೆಂದು ಅವನ ಹೆಸರಿನ ಗ್ರಂಥದ 6ನೇ ಅಧ್ಯಾಯ ಹೇಳುತ್ತದೆ. ಆ ಆಪತ್ತಿನ ದಿನಕ್ಕೆಂದು ಅವನು ಹೊಸದಾಗಿ ಧೈರ್ಯವನ್ನು ಹುಡುಕಬೇಕಾಗಲಿಲ್ಲ, ವಾಡಿಕೆಯೇ ಅವನನ್ನು ಹಿಡಿದು ನಿಲ್ಲಿಸಿತು. 1ನೇ ಶತಮಾನದ ಕೊನೆ ಅಥವಾ 2ನೇ ಶತಮಾನದ ಆರಂಭದ್ದೆಂದು ಸಾಮಾನ್ಯವಾಗಿ ಎಣಿಸಲಾಗುವ ದಿದಖೆ ಎಂಬ ಆದಿ ಸಭೆಯ ಕೈಪಿಡಿಯು ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಾರಿ ಹೇಳುವಂತೆ ತಿಳಿಸುತ್ತದೆ.

ನೀವು ಹೊಸದಾಗಿ ಆರಂಭಿಸುವವರಾದರೆ ಬೆಳಗ್ಗೆ ಹತ್ತು ನಿಮಿಷ ಸಾಕು. ಎದ್ದ ಮೇಲೆ ತಪ್ಪದೆ ಮಾಡುವ ಯಾವುದಾದರೂ ಒಂದು ಕೆಲಸಕ್ಕೆ ಅದನ್ನು ಹೊಂದಿಸಿಕೊಳ್ಳಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡಿ, ಸಾಧ್ಯವಾದಷ್ಟು ಅದೇ ಸ್ಥಳದಲ್ಲಿ ಕುಳಿತುಕೊಳ್ಳಿ. ಮೊದಲು ಒಂದು ಕೀರ್ತನೆಯನ್ನು ಬಾಯಿಬಿಟ್ಟು ಓದಿ. ಕೀರ್ತನೆಗಳು 150 ಇರುವುದರಿಂದ ದಿನಕ್ಕೊಂದರಂತೆ ಓದಿದರೆ ಐದು ತಿಂಗಳಿಗೆ ಒಂದು ಸುತ್ತು ಮುಗಿಯುತ್ತದೆ. ನಂತರ ಕರ್ತನ ಪ್ರಾರ್ಥನೆಯನ್ನು ಒಂದೊಂದು ಬಿನ್ನಹಕ್ಕೂ ನಿಂತು, ಆ ದಿನದ ಸಂಗತಿಯನ್ನು ಅದರೊಳಗೆ ತಂದು ಹೇಳಿ. ಉದಾಹರಣೆಗೆ, 'ನಿನ್ನ ಚಿತ್ತವು ನೆರವೇರಲಿ' ಎಂಬಲ್ಲಿ: 'ಇಂದು ಹತ್ತು ಗಂಟೆಯ ಸಭೆಯಲ್ಲಿ ನನ್ನ ಮಾತೇ ಗೆಲ್ಲಬೇಕೆಂಬ ಹಟ ನನಗಿದೆ. ತಂದೆಯೇ, ಅಲ್ಲಿ ನ್ಯಾಯವಾದದ್ದು ನಡೆಯಲಿ, ನಾನು ಸೋತರೂ ಆಗಲಿ.' 'ನಮ್ಮ ತಪ್ಪುಗಳನ್ನು ಕ್ಷಮಿಸು' ಎಂಬಲ್ಲಿ ಮೊದಲ ಹಂತದ ಪುಸ್ತಕವನ್ನು ತೆರೆದು, ನಿನ್ನೆ ಬರೆದದ್ದನ್ನು ಹಾಗೆಯೇ ಓದಿ ಹೇಳಿ. ಪಾಪಿಯಾದ ನನ್ನನ್ನು ಕರುಣಿಸು ಎಂದ ಸುಂಕದವನು ನೀತಿವಂತನೆನಿಸಿಕೊಂಡು ಮನೆಗೆ ಹೋದನು, ತನ್ನ ಉಪವಾಸ ದಶಮಾಂಶಗಳನ್ನು ಎಣಿಸಿ ಹೇಳಿದ ಫರಿಸಾಯನಲ್ಲ ಎಂದು ಲೂಕ 18ರಲ್ಲಿದೆ. ದೇವರ ಮುಂದೆ ಒಳ್ಳೆಯವರಾಗಿ ಕಾಣಿಸಿಕೊಳ್ಳುವ ಶ್ರಮ ಬೇಡ.

ಮತ್ತಾಯ 6ರಲ್ಲಿ ಈ ಪ್ರಾರ್ಥನೆಯನ್ನು ಕಲಿಸಿ ಮುಗಿಸಿದ ಕೂಡಲೇ ಯೇಸು ಮತ್ತೆ ಎತ್ತಿಕೊಂಡು ವಿವರಿಸುವುದು ಒಂದೇ ಒಂದು ಬಿನ್ನಹವನ್ನು, ಅದು ಕ್ಷಮೆಯದು. ಆದ್ದರಿಂದ ನಿಮಗೆ ತಪ್ಪು ಮಾಡಿದವರೊಬ್ಬರ ಹೆಸರನ್ನು ಪ್ರತಿದಿನ ಅಲ್ಲಿ ಹೇಳಿ. ಮೊದಮೊದಲು 'ಇವರನ್ನು ಆಶೀರ್ವದಿಸು' ಎನ್ನಲು ನಾಲಿಗೆ ಏಳದಿದ್ದರೆ, 'ಇವರನ್ನು ಕ್ಷಮಿಸಲು ನನಗೆ ಮನಸ್ಸಿಲ್ಲ, ಮನಸ್ಸು ಕೊಡು' ಎಂದು ಆರಂಭಿಸಿ. ಕ್ಷಮಿಸುವುದೆಂದರೆ ಹಿಂಸಿಸುವವರ ಕೈಗೆ ಮತ್ತೆ ನಿಮ್ಮನ್ನು ಒಪ್ಪಿಸಿಕೊಳ್ಳುವುದಲ್ಲ, ಮುಯ್ಯಿ ತೀರಿಸುವ ಹಕ್ಕನ್ನು ದೇವರಿಗೆ ಬಿಟ್ಟುಕೊಡುವುದು.

ಮಾತೇ ಬಾರದ ದಿನಗಳೂ ಇರುತ್ತವೆ. 13ನೇ ಕೀರ್ತನೆಯ ಮೊದಲ ಎರಡು ವಚನಗಳಲ್ಲಿ 'ಎಷ್ಟರವರೆಗೆ' ಎಂಬ ಪ್ರಶ್ನೆ ನಾಲ್ಕು ಸಾರಿ ಬರುತ್ತದೆ. 88ನೇ ಕೀರ್ತನೆ ಕತ್ತಲಿನಲ್ಲೇ ಮುಗಿಯುತ್ತದೆ, ಕೊನೆಗೂ ಸಮಾಧಾನದ ಒಂದು ಮಾತಿಲ್ಲ. ಅವೂ ದೇವರ ವಾಕ್ಯದಲ್ಲಿವೆ. ದುಃಖದಲ್ಲಿರುವಾಗ ಸಂತೋಷದ ಮಾತುಗಳನ್ನು ಬಲವಂತವಾಗಿ ಹೊರಡಿಸುವ ಬದಲು ಇವುಗಳಲ್ಲಿ ಒಂದನ್ನು ಓದಿ ಸುಮ್ಮನೆ ಕುಳಿತುಕೊಳ್ಳಿ. ಏನು ಬೇಡಿಕೊಳ್ಳಬೇಕೆಂದು ನಮಗೆ ಗೊತ್ತಿಲ್ಲದಿರುವಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆಂದು ರೋಮ 8:26 ಹೇಳುತ್ತದೆ.

ಹಂತ 5: ಮಾತು ಹೊರಡುವ ಮುನ್ನ ಒಂದು ಉಸಿರಿನ ಪ್ರಾರ್ಥನೆ

ಬೆಳಗಿನ ಪ್ರಾರ್ಥನೆಯೂ ಹಗಲಿನ ಮಾತೂ ಸೇರುವ ಜಾಗ ಇದು. ಪಾರಸಿಯ ರಾಜ ಅರ್ತಷಸ್ತನು 'ನಿನ್ನ ಬಿನ್ನಹವೇನು' ಎಂದು ಕೇಳಿದಾಗ ಅವನ ಪಾನಸೇವಕನಾಗಿದ್ದ ನೆಹೆಮೀಯನು ಉತ್ತರಿಸುವ ಮೊದಲು ಪರಲೋಕದ ದೇವರಿಗೆ ಪ್ರಾರ್ಥಿಸಿದನು. ರಾಜನು ಕಾಯುತ್ತಿದ್ದನು, ಆ ಪ್ರಾರ್ಥನೆ ಒಂದೆರಡು ಕ್ಷಣಗಳದ್ದಾಗಿರಬೇಕು. ಆದರೆ ಯೆಹೂದ್ಯರ ಪಂಚಾಂಗದ ಕಿಸ್ಲೇವ್ ತಿಂಗಳಿನಿಂದ ನೀಸಾನ್ ತಿಂಗಳವರೆಗೆ, ಸುಮಾರು ನಾಲ್ಕು ತಿಂಗಳ ಅಳಲೂ ಉಪವಾಸವೂ ಪ್ರಾರ್ಥನೆಯೂ ಅದರ ಹಿಂದೆ ಇದ್ದವು. ಗೊತ್ತಾದ ಹೊತ್ತಿನ ಪ್ರಾರ್ಥನೆಯನ್ನು ಬಿಟ್ಟು ಕ್ಷಣದ ಪ್ರಾರ್ಥನೆಯನ್ನು ಮಾತ್ರ ಇಟ್ಟುಕೊಳ್ಳುತ್ತೇನೆ ಎನ್ನುವವರು ಇದನ್ನು ಗಮನಿಸಬೇಕು.

ಒಂದು ಚಿಕ್ಕ ವಾಕ್ಯವನ್ನು ಆರಿಸಿಕೊಳ್ಳಿ. 'ಯೆಹೋವನೇ, ನನ್ನ ಬಾಯಿಗೆ ಕಾವಲಿರಿಸು' ಎಂಬ 141ನೇ ಕೀರ್ತನೆಯ ಬೇಡಿಕೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಮೊದಲ ಹಂತದಲ್ಲಿ ನೀವು ಕಂಡುಕೊಂಡ ಆ ಒಂದೆರಡು ಸಂದರ್ಭಗಳಿಗೇ ಇದನ್ನು ಮೀಸಲಿಡಿ: ಮನೆಯ ಬಾಗಿಲ ಹಿಡಿಗೆ ಕೈ ಹಾಕಿದಾಗ, ಕಿರಿಕಿರಿ ತರುವವರ ಕರೆ ಬಂದು ಫೋನ್ ಎತ್ತುವ ಮುನ್ನ, ಬರೆದ ಸಂದೇಶವನ್ನು ಕಳುಹಿಸುವ ಮುನ್ನ. ಕೇಳುವುದರಲ್ಲಿ ತೀವ್ರವಾಗಿಯೂ ಮಾತಾಡುವುದರಲ್ಲಿ ನಿಧಾನವಾಗಿಯೂ ಇರಿ ಎಂಬ ಯಾಕೋಬ 1:19ರ ಮಾತು ಕೈಗೂಡಬೇಕಾದರೆ ಆ ನಿಧಾನಕ್ಕೆ ಸ್ಥಳ ಬೇಕು; ಈ ಉಸಿರೇ ಆ ಸ್ಥಳ.

ಹಂತ 6: ಪ್ರಾರ್ಥನೆಯಿಂದ ಒಂದು ಕೆಲಸದೊಡನೆ ಏಳಿ

ಸ್ವಾಮೀ, ಸ್ವಾಮೀ ಎಂದು ನನ್ನನ್ನು ಕರೆಯುತ್ತೀರಿ, ನಾನು ಹೇಳಿದ್ದನ್ನು ಏಕೆ ಮಾಡುವುದಿಲ್ಲ ಎಂದು ಯೇಸು ಕೇಳಿದ್ದು ಲೂಕ 6:46ರಲ್ಲಿದೆ. ಮತ್ತಾಯ 21ರ ಸಾಮ್ಯದಲ್ಲಿ ಇಬ್ಬರು ಮಕ್ಕಳು ಬರುತ್ತಾರೆ: ಒಬ್ಬನು ತೋಟಕ್ಕೆ ಹೋಗುವುದಿಲ್ಲ ಎಂದು ಹೇಳಿ ಆಮೇಲೆ ಮನಸ್ಸು ತಿರುಗಿಸಿಕೊಂಡು ಹೋದನು, ಮತ್ತೊಬ್ಬನು ಹೋಗುತ್ತೇನೆ ಎಂದು ವಿನಯದಿಂದಲೇ ಹೇಳಿ ಹೋಗಲಿಲ್ಲ. ವಿಧೇಯತೆ ತಪ್ಪುವುದು ಹೆಚ್ಚಾಗಿ ಎರಡನೆಯವನ ರೀತಿಯಲ್ಲಿ. ನಾವು ದೇವರಿಗೆ ಇಲ್ಲ ಎನ್ನುವುದಿಲ್ಲ. ಹೌದು ಎಂದು ಹೇಳಿ, ಅದು ಯಾವಾಗ ಎಂಬುದನ್ನು ಮಾತ್ರ ಹೇಳದೆ ಬಿಡುತ್ತೇವೆ.

ಆದ್ದರಿಂದ ಪ್ರಾರ್ಥನೆ ಮುಗಿಸುವ ಮುನ್ನ, ಓದಿದ ವಾಕ್ಯವೂ ಒಪ್ಪಿಕೊಂಡ ತಪ್ಪೂ ಇಂದು ನನ್ನಿಂದ ಏನನ್ನು ಕೇಳುತ್ತಿವೆ ಎಂದು ಯೋಚಿಸಿ ಒಂದೇ ಒಂದು ಕೆಲಸವನ್ನು ಬರೆಯಿರಿ. ಅದರಲ್ಲಿ ಒಬ್ಬ ವ್ಯಕ್ತಿಯ ಹೆಸರೂ ಒಂದು ಹೊತ್ತೂ ಇರಲಿ. 'ಹೆಚ್ಚು ಪ್ರೀತಿಯಿಂದ ಇರುತ್ತೇನೆ' ಎಂಬುದು ಆಗಿದೆಯೋ ಇಲ್ಲವೋ ಎಂದು ರಾತ್ರಿ ಹೇಳಲು ಬಾರದು. 'ಸಂಜೆ ಅಮ್ಮನಿಗೆ ಕರೆ ಮಾಡಿ, ಅವರು ಹೇಳುವುದನ್ನು ಮುಗಿಯುವವರೆಗೆ ಕೇಳುತ್ತೇನೆ' ಎಂಬುದನ್ನು ಹೇಳಬಹುದು. ಕೆಲಸ ಚಿಕ್ಕದಾಯಿತೆಂದು ಸಂಕೋಚ ಬೇಡ. ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತನಾಗುತ್ತಾನೆ.

ಕೆಲವು ಸಲ ವಿಧೇಯತೆಗೆ ಬೆಲೆ ತೆರಬೇಕಾಗುತ್ತದೆ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ, ಮೋಸದಿಂದ ತೆಗೆದುಕೊಂಡದ್ದನ್ನು ತಾನಾಗಿ ಒಪ್ಪಿಕೊಂಡವನು ಅದರ ಐದನೆಯ ಒಂದು ಪಾಲನ್ನು ಕೂಡಿಸಿ ಹಿಂದಕ್ಕೆ ಕೊಡಬೇಕಾಗಿತ್ತು. ಸುಂಕದವರ ಮುಖ್ಯಸ್ಥನಾಗಿದ್ದ ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆಂದನು, ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದನು. ಅವನಿಗೆ ಯಾರೂ ಲೆಕ್ಕ ಹಾಕಿಕೊಡಲಿಲ್ಲ. ಯೇಸು ಅವನ ಮನೆಗೆ ಬಂದಿದ್ದನು, ಅಷ್ಟೇ. ನೀವು ಯಾರಿಗಾದರೂ ಹಣವನ್ನೋ ವಸ್ತುವನ್ನೋ ಹಿಂದಿರುಗಿಸಬೇಕಾಗಿದ್ದರೆ ಅದಕ್ಕಾಗಿ ಬಹಳ ಪ್ರಾರ್ಥಿಸುವ ಅಗತ್ಯವಿಲ್ಲ, ಹಿಂದಿರುಗಿಸಿ. ದೇವರ ಚಿತ್ತ ಸ್ಪಷ್ಟವಾಗಿರುವ ಕಡೆ ಪ್ರಾರ್ಥನೆಯನ್ನು ತಡಮಾಡುವ ಉಪಾಯವಾಗಿ ಬಳಸಬಾರದು.

ವಿಧೇಯತೆಯ ಹೆಸರಿನಲ್ಲಿ ಮನುಷ್ಯರು ನಿಮ್ಮ ಮನಸ್ಸಾಕ್ಷಿಯನ್ನು ಆಳಲು ಬಂದಾಗ ಮಾತ್ರ ಎಚ್ಚರದಿಂದಿರಿ. ಬೋಧಕರಾಗಲಿ ಹಿರಿಯರಾಗಲಿ, ದೇವರ ವಾಕ್ಯಕ್ಕೆ ವಿರುದ್ಧವಾದದ್ದನ್ನು ಮಾಡಲು ಹೇಳಿದರೆ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂಬ ಅಪೊಸ್ತಲರ ಕೃತ್ಯಗಳು 5:29ರ ಮಾತು ಅಲ್ಲಿ ಅನ್ವಯಿಸುತ್ತದೆ.

ಹಂತ 7: ಕ್ಷಮೆ ಕೇಳುವುದು

ಇದನ್ನು ಬೇರೆಯೇ ಹಂತವಾಗಿ ಇಟ್ಟಿರುವುದಕ್ಕೆ ಕಾರಣವಿದೆ: ಮಾತು, ಪ್ರಾರ್ಥನೆ, ವಿಧೇಯತೆ ಮೂರೂ ಒಂದೇ ವಾಕ್ಯದಲ್ಲಿ ಕೂಡುವುದು ಇಲ್ಲಿ ಮಾತ್ರ. ಯಜ್ಞವೇದಿಯ ಹತ್ತಿರ ಕಾಣಿಕೆಯನ್ನು ತಂದಿರುವಾಗ ಸಹೋದರನಿಗೆ ನಿನ್ನ ಮೇಲೆ ಏನೋ ವಿರೋಧವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಯೇಸು ಹೇಳಿದನು.

ಕ್ಷಮೆ ಕೇಳುವ ಮಾತಿನಲ್ಲಿ ಮಾಡಿದ ತಪ್ಪಿನ ಹೆಸರಿರಬೇಕು. 'ನಿನಗೆ ಬೇಸರವಾಗಿದ್ದರೆ ಕ್ಷಮಿಸು' ಎಂದರೆ ತಪ್ಪು, ಕೇಳುವವರ ಬೇಸರಕ್ಕೆ ವರ್ಗವಾಯಿತು. 'ನಾನೂ ದಣಿದಿದ್ದೆ, ನೀನೂ ಹಾಗೆ ಮಾಡಬಾರದಿತ್ತು' ಎಂದರೆ ಜಗಳ ಮತ್ತೆ ಆರಂಭವಾಯಿತು. ಮಗುವಿನ ಮೇಲೆ ಕೂಗಾಡಿದ ತಂದೆ ಅದರ ಎದುರಿಗೆ ನೆಲದ ಮೇಲೆ ಕುಳಿತು, ಅದರ ಮುಖ ನೋಡಿ, 'ನಿನ್ನೆ ರಾತ್ರಿ ನೀರು ಚೆಲ್ಲಿದ್ದಕ್ಕೆ ನಿನ್ನನ್ನು ದಡ್ಡ ಎಂದೆ. ಅದು ನನ್ನ ತಪ್ಪು. ನೀನು ದಡ್ಡನಲ್ಲ. ನನ್ನನ್ನು ಕ್ಷಮಿಸುತ್ತೀಯಾ?' ಎಂದು ಕೇಳಿ ಸುಮ್ಮನಾಗಬೇಕು. ಸುಮ್ಮನಾಗುವುದು ಕಷ್ಟ, ಏಕೆಂದರೆ ಆ ಮೌನದಲ್ಲಿ ಉತ್ತರ ಮಗುವಿನ ಕೈಯಲ್ಲಿರುತ್ತದೆ. ಅದು ಕೂಡಲೇ ಹೌದು ಎನ್ನದಿದ್ದರೆ ಒತ್ತಾಯಿಸಬೇಡಿ.

ಹಂತ 8: ರಾತ್ರಿಯ ಅವಲೋಕನ

ಮಲಗುವ ಮುನ್ನ ಐದು ನಿಮಿಷ ದಿನವನ್ನು ದೇವರ ಮುಂದೆ ಹಿಂದಿರುಗಿ ನೋಡಿ. 16ನೇ ಶತಮಾನದಲ್ಲಿ ಲೊಯೋಲಾದ ಇಗ್ನೇಷಿಯಸ್ ಕಲಿಸಿದ ಇಂಥ ಪರೀಕ್ಷೆ ಕೃತಜ್ಞತೆಯಿಂದಲೇ ಆರಂಭವಾಗುತ್ತದೆ. ಯಾವ ಸಭೆಗೆ ಸೇರಿದವರೂ ಈ ಕ್ರಮದಿಂದ ಪ್ರಯೋಜನ ಪಡೆಯಬಹುದೆಂದು ನನಗೆ ಅನಿಸುತ್ತದೆ. ಮೊದಲು ದಿನದಲ್ಲಿ ಸಿಕ್ಕ ಒಳ್ಳೆಯದಕ್ಕೆ ಸ್ತೋತ್ರ, ನಂತರ ಬೆಳಗ್ಗೆ ಬರೆದ ಕೆಲಸ ಆಯಿತೇ ಎಂಬ ಪ್ರಶ್ನೆ, ಕೊನೆಗೆ ಆಡಿದ ಮಾತಿನ ಪರಿಶೀಲನೆ. ಕೆಲಸ ಆಗಿದ್ದರೆ ಅದನ್ನು ದೊಡ್ಡದು ಮಾಡಬೇಡಿ. ಆಗಿರದಿದ್ದರೆ ಅದನ್ನೇ ನಾಳೆಯ ಪುಟಕ್ಕೆ ಬರೆದು ಮಲಗಿ. ಒಂದೇ ಕೆಲಸ ಹಲವು ದಿನ ಮುಂದಕ್ಕೆ ಹೋಗುತ್ತಿದ್ದರೆ, ಆ ಕೆಲಸದ ಹಿಂದೆ ಒಂದು ಭಯವಿದೆ. ಮರುದಿನದ ಪ್ರಾರ್ಥನೆ ಆ ಭಯದ ಕುರಿತಾಗಿರಲಿ.

ಹಂತ 9: ಜೊತೆಗೊಬ್ಬರನ್ನು ಇಟ್ಟುಕೊಳ್ಳಿ

ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ದೇವರನ್ನು ಪ್ರಾರ್ಥಿಸಿರಿ ಎಂದು ಯಾಕೋಬ 5:16 ಹೇಳುತ್ತದೆ. ಒಬ್ಬರೇ ಮಾಡಿದ ನಿರ್ಧಾರಗಳನ್ನು ಒಬ್ಬರೇ ಸದ್ದಿಲ್ಲದೆ ಕೈಬಿಡುವುದು ಸುಲಭ. ಗುಟ್ಟನ್ನು ಕಾಪಾಡಬಲ್ಲ, ನಿಮ್ಮನ್ನು ಹೊಗಳುವುದಕ್ಕಿಂತ ನಿಮಗಾಗಿ ಪ್ರಾರ್ಥಿಸಬಲ್ಲ ಒಬ್ಬ ವಿಶ್ವಾಸಿಯನ್ನು ಆರಿಸಿ, ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಕೂಡಿಕೊಳ್ಳಿ. ಗಂಡಸರು ಗಂಡಸರೊಡನೆ, ಹೆಂಗಸರು ಹೆಂಗಸರೊಡನೆ ಕೂಡುವುದು ವಿವೇಕ. ಪರಸ್ಪರ ಕೇಳಬೇಕಾದ ಪ್ರಶ್ನೆಗಳು ಮೂರೇ: ಯಾರೊಡನೆ ಆಡಿದ ಮಾತು ನಿಮ್ಮನ್ನು ಇನ್ನೂ ಕಾಡುತ್ತಿದೆ? ದೇವರಿಗೆ ಹೇಳದೆ ಬಿಟ್ಟಿರುವುದು ಏನಾದರೂ ಇದೆಯೇ? ಮಾಡಬೇಕೆಂದು ಗೊತ್ತಿದ್ದೂ ಮಾಡದಿರುವ ಕೆಲಸ ಯಾವುದು? ಉತ್ತರ ಕೇಳಿದ ಮೇಲೆ ಉಪದೇಶಕ್ಕೆ ಇಳಿಯದೆ, ಅದೇ ಸಂಗತಿಗಳನ್ನು ಹೆಸರಿಸಿ ಒಬ್ಬರಿಗೊಬ್ಬರು ಪ್ರಾರ್ಥಿಸಿ, ಮುಂದಿನ ಭೇಟಿಯ ದಿನವನ್ನು ಗೊತ್ತುಮಾಡಿಕೊಂಡು ಏಳಿ.